ರಿಲೇ, ಲ್ಯಾಚ್, ನಾರ್ಮಲಿ ಓಪನ್: ಕನ್ನಡದಲ್ಲಿ ಏನಂತೀರಿ? ಅರ್ಜೆಂಟ್

ಎಲ್ಲರಿಗೂ ನಮಸ್ಕಾರ.

ಒಂದು ಕಂಟ್ರೋಲ್ ಪೆಟ್ಟಿಗೆಯ ಕೈಪಿಡಿಯನ್ನೂ ಅದರ ಮೇಲೆ ಅಂಟಿಸುವ ಸ್ಟಿಕ್ಕರನ್ನೂ ಕನ್ನಡಕ್ಕೆ ಮಾಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು.

ಒಳಗೊಂದು ಮೈಕ್ರೋಕಂಟ್ರೋಲರ್, ಅಂದರೆ ಪುಟ್ಟ ಕಂಪ್ಯೂಟರ್ ಚಿಪ್ಪು ಇದೆ. ಹಸಿರು ಬಟನ್ ಒತ್ತಿದರೆ ಅದಕ್ಕೆ ಕರೆಂಟ್ ಸಿಗುತ್ತದೆ. ಎದ್ದ ತಕ್ಷಣ ಅದು ರಿಲೇಯನ್ನು (ಕರೆಂಟ್ ಕೊಟ್ಟಾಗ ಕಾಂತದಿಂದ ಎಳೆಯಲ್ಪಡುವ ಸ್ವಿಚ್ಚು) ಎಳೆದು ಹಿಡಿಯುತ್ತದೆ. ರಿಲೇಯ ಕಾಂಟ್ಯಾಕ್ಟು ಬಟನ್ನಿಗೆ ಸಮಾಂತರವಾಗಿರುವುದರಿಂದ ಬೆರಳು ತೆಗೆದರೂ ಕರೆಂಟ್ ಉಳಿಯುತ್ತದೆ. ಆಫ್ ಮಾಡಲು ಕೆಂಪು ಬಟನ್. ಅದನ್ನು ಒತ್ತಿದರೆ ಕಂಟ್ರೋಲರ್ ಸೆಟ್ಟಿಂಗ್ ಎಲ್ಲ ಮೆಮೊರಿಗೆ ಬರೆದು, ಆಮೇಲೆ ತಾನೇ ರಿಲೇ ಬಿಟ್ಟು ಆರುತ್ತದೆ.

ಬೇಕಾದ ಪದಗಳು: ರಿಲೇ, ನಾರ್ಮಲಿ ಓಪನ್, ನಾರ್ಮಲಿ ಕ್ಲೋಸ್ಡ್, ಸೆಲ್ಫ್ ಹೋಲ್ಡ್, ಫ್ಲೈಬ್ಯಾಕ್ ಡಯೋಡ್. ಸ್ಟಿಕ್ಕರಿನಲ್ಲಿ ಎರಡು ಸಾಲಿಗಷ್ಟೇ ಜಾಗ. ಸದ್ಯಕ್ಕೆ ಬರೆದಿರುವುದು "ವಿದ್ಯುತ್ ಸರಬರಾಜನ್ನು ಸುರಕ್ಷಿತವಾಗಿ ಸ್ಥಗಿತಗೊಳಿಸಿ". ನನಗೇ ಹಿಡಿಸಿಲ್ಲ.

ಮರು: ರಿಲೇ

ರಿಲೇ ಎಂಬ ಫ್ರೆಂಚ್ ಮಾತು ನಮಗೇಕೆ? ಅದರ ಮೂಲ ಅರ್ಥ, ದಣಿದ ಕುದುರೆ ಬಿಟ್ಟು ಹೊಸ ಕುದುರೆ ಹಿಡಿಯುವುದು. ಆಮೇಲೆ ಟೆಲಿಗ್ರಾಫಿನವರು ಅದನ್ನು ಎತ್ತಿಕೊಂಡರು. ದೂರದ ತಂತಿಯಲ್ಲಿ ಬಂದು ಸೊರಗಿದ ಕರೆಂಟು ಒಂದು ಕಾಂತವನ್ನು ಎಳೆಯುತ್ತದೆ, ಆ ಕಾಂತ ಇನ್ನೊಂದು ಬ್ಯಾಟರಿಯ ಹೊಸ ಕರೆಂಟನ್ನು ಮುಂದಕ್ಕೆ ಕಳಿಸುತ್ತದೆ. ಓಲೆಯನ್ನು ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ದಾಟಿಸುವ ಏರ್ಪಾಡಿಗೆ ನಮ್ಮಲ್ಲಿ ಅಂಚೆ ಎಂಬ ಪದ ಇದ್ದೇ ಇದೆ. ಮಿಂಚಿನ ಅಂಚೆ, ಮಿಂಚಂಚೆ. ಮುಗಿಯಿತು.

ಮರು: ರಿಲೇ

ಮಿಂಚಂಚೆ ಅಂದರೆ ಈಮೇಲ್. ನೀವು ಈ ಮೇಲಿಂಗ್ ಪಟ್ಟಿಗೆ ಬರೆದದ್ದೂ ಅದರಲ್ಲೇ.

ಮರು: ಅಂಚೆ ಮತ್ತು ಹಂಸ

ಹಾಗಾದರೆ ಅಂಚೆಕೀಲು ಎನ್ನಿ. ಅಂಚೆ ಎಂದರೆ ಹಂಸವೂ ಹೌದು. ಸಂದೇಶ ಒಯ್ಯುವ ಹಂಸದಿಂದಲೇ ಟಪಾಲಿಗೆ ಆ ಹೆಸರು ಬಂತು. ಎಷ್ಟು ಚೆನ್ನಾಗಿ ಕೂಡುತ್ತದೆ ನೋಡಿ.

ಮರು: ಅಂಚೆ ಮತ್ತು ಹಂಸ

ಹಂಸದ ತದ್ಭವ ಅಂಚೆ, ಒಪ್ಪಿದೆ. ಉಲಿ ಒಂದೇ ಎಂದ ಮಾತ್ರಕ್ಕೆ ಬೇರು ಒಂದೇ ಆಗುವುದಿಲ್ಲ. ಅವರಿಗೆ ನಾಳೆ ಬೆಳಿಗ್ಗೆ ಪ್ರಿಂಟು. ಹಂಸವನ್ನು ಆಮೇಲೆ ಹಾರಿಸೋಣ.

ರಿಲೇಯನ್ನು ರಿಲೇ ಎಂದೇ ಬಿಡಿ. ರಿಪೇರಿ ಮಾಡುವವರಿಗೆ ಗೊತ್ತಿರುವ ಹೆಸರು ಅದೊಂದೇ. ನಿಜವಾದ ತೊಡಕು ಇರುವುದು ಓಪನ್, ಕ್ಲೋಸ್ಡ್‌ನಲ್ಲಿ, ಅದನ್ನು ಯಾರೂ ಮುಟ್ಟಲಿಲ್ಲ. ಪಠ್ಯಪುಸ್ತಕದ "ತೆರೆದ ಮಂಡಲ" ಓದಿದವರಿಗೆ ಕರೆಂಟ್ ಹರಿಯುವುದಿಲ್ಲ ಅಂತ ಗೊತ್ತು. ಓದದವರಿಗೆ ತೆರೆದದ್ದು ಅಂದರೆ ಹರಿಯುವಂಥದ್ದು. ನಲ್ಲಿ ತೆರೆದರೆ ನೀರು ಬರುತ್ತದಲ್ವಾ?

ಇಲ್ಲಿ ಅದು ಬರೀ ಮಾತಿನ ಗೊಂದಲವಲ್ಲ. ಬಟನ್ನಿನ ತಂತಿಯನ್ನು ರಿಲೇಯ ನಾರ್ಮಲಿ ಕ್ಲೋಸ್ಡ್ ಕಾಲಿಗೆ, ಅಂದರೆ ರಿಲೇ ಎಳೆಯದಿದ್ದಾಗ ಕೂಡಿರುವ ಕಾಲಿಗೆ ಹಾಕಿದರು ಅನ್ನಿ. ಪ್ಲಗ್ ಹಾಕಿದ ಕೂಡಲೇ, ಬಟನ್ ಒತ್ತದೆಯೇ ಕಂಟ್ರೋಲರ್ ಏಳುತ್ತದೆ. ಎದ್ದು ರಿಲೇ ಎಳೆಯುತ್ತದೆ. ಎಳೆದ ತಕ್ಷಣ ಅದರದ್ದೇ ಕರೆಂಟ್ ಕಡಿಯುತ್ತದೆ. ರಿಲೇ ಬೀಳುತ್ತದೆ, ಮತ್ತೆ ಕರೆಂಟ್ ಬರುತ್ತದೆ, ಮತ್ತೆ ಏಳುತ್ತದೆ. ಪೆಟ್ಟಿಗೆ ಟಕಟಕ ಅಂತ ಬಡಿದುಕೊಳ್ಳುತ್ತಲೇ ಇರುತ್ತದೆ.

ಆಡುಮಾತಿನಲ್ಲಿ ಇದಕ್ಕೆ ಒಳ್ಳೆಯ ಕ್ರಿಯಾಪದ ಇದೆ: ಹಾಕು. ಬಾಗಿಲು ಹಾಕಿದರೆ ಮುಚ್ಚುತ್ತದೆ, ಲೈಟ್ ಹಾಕಿದರೆ ಹತ್ತುತ್ತದೆ. ಸ್ವಿಚ್ಚಿನಲ್ಲಿ ಆಗುವುದು ಅದೇ: ಮುಚ್ಚಿದರೆ ಹತ್ತುತ್ತದೆ. ಆದರೆ "ಹಾಕಿದ ಕಾಂಟ್ಯಾಕ್ಟ್" ಎಂದು ಬರೆದರೆ ಹೊಸದಾಗಿ ಕೂರಿಸಿದ್ದು ಎಂಬ ಅರ್ಥ ಬಂದುಬಿಡುತ್ತದೆ. ಅದಕ್ಕೇ ನನ್ನ ಸಲಹೆ, ಸುಮ್ನಿದ್ದಾಗ ಬಿಟ್ಟಿರುವ ಕಾಂಟ್ಯಾಕ್ಟ್, ಸುಮ್ನಿದ್ದಾಗ ಕೂಡಿರುವ ಕಾಂಟ್ಯಾಕ್ಟ್. ನಾರ್ಮಲಿಗೆ "ಸಹಜ" ಅಂತೂ ಬೇಡ. ಕಾಯಿಲಿಗೆ (ರಿಲೇಯೊಳಗೆ ಕಾಂತವಾಗುವ ತಂತಿಯ ಸುತ್ತಿಗೆ) ಕರೆಂಟ್ ಇಲ್ಲದಾಗ ಎಂಬುದು ಅದರಲ್ಲಿ ಕಾಣುವುದೇ ಇಲ್ಲ.

ಮರು: ಸೆಲ್ಫ್ ಹೋಲ್ಡ್

"ಸುಮ್ನಿದ್ದಾಗ" ಎಂದು ಕೈಪಿಡಿಯಲ್ಲಿ ಬರೆಯುವುದೇ? ಗ್ರಂಥಭಾಷೆಗೂ ಒಂದು ಮರ್ಯಾದೆ ಇದೆ. ವಿರಾಮ ಸ್ಥಿತಿ ಎನ್ನಬಹುದು. ಸೆಲ್ಫ್ ಹೋಲ್ಡ್‌ಗೆ ಸ್ವಯಂಧಾರಣ, ಮೈಕ್ರೋಕಂಟ್ರೋಲರ್‌ಗೆ ಸೂಕ್ಷ್ಮ ನಿಯಂತ್ರಕ.

ಮರು: ಸೆಲ್ಫ್ ಹೋಲ್ಡ್

ವಿರಾಮ ಸ್ಥಿತಿ ಎಂದರೆ ಊಟಕ್ಕೆ ಹೋಗಿದೆ ಅಂದುಕೊಳ್ಳುತ್ತಾರೆ.

ಸೆಲ್ಫ್ ಹೋಲ್ಡ್‌ಗೆ ಚಿಲಕ ಹೇಗೆ?

ಮರು: ಸೆಲ್ಫ್ ಹೋಲ್ಡ್

ಚಿಲಕ ಬೇಡ. ಲ್ಯಾಚಿಂಗ್ ರಿಲೇ ಎಂಬುದು ಬೇರೆಯೇ ಜಾತಿ. ಒಂದು ಸಲ ತಟ್ಟಿದರೆ ಕಾಯಿಲಿನಲ್ಲಿ ಕರೆಂಟ್ ಇಲ್ಲದಿದ್ದರೂ ಹಾಗೇ ನಿಲ್ಲುತ್ತದೆ. ಚಿಲಕ ಅದಕ್ಕೆ ಸರಿ. ಇವರದ್ದು ಕರೆಂಟ್ ಹೋದರೆ ತಾನೂ ಬಿದ್ದುಹೋಗುವಂಥದ್ದು, ಮತ್ತೆ ಕರೆಂಟ್ ಬಂದಾಗ ತಾನಾಗಿ ಏಳುವುದಿಲ್ಲ. ಇದು ಹಿಡಿತ, ಅಷ್ಟೇ. "ರಿಲೇ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ" ಎಂದು ವಾಕ್ಯವಾಗಿಯೇ ಬರೆಯಿರಿ. ಎಲ್ಲದಕ್ಕೂ ನಾಮಪದ ಹುಡುಕುವ ರೋಗ ನಮಗೆ ಯಾಕೆ ಅಂಟಿತೋ!

ಫ್ಲೈಬ್ಯಾಕ್ ಡಯೋಡ್: ಕಾಯಿಲಿನ ಕರೆಂಟ್ ಕಡಿದಾಗ ಅದು ಥಟ್ಟನೆ ನಿಲ್ಲಲು ಒಪ್ಪದೆ ವೋಲ್ಟೇಜನ್ನು ಮೇಲೆ ಚಿಮ್ಮಿಸುತ್ತದೆ. ಕಾಯಿಲಿಗೆ ಅಡ್ಡಲಾಗಿ ಉಲ್ಟಾ ಕೂರಿಸಿದ 1ಎನ್4007 ಡಯೋಡ್ ಆ ಕರೆಂಟಿಗೆ ಸುತ್ತುದಾರಿ ಕೊಡುತ್ತದೆ. ಇಲ್ಲದಿದ್ದರೆ ರಿಲೇ ಎಳೆಯುವ ಟ್ರಾನ್ಸಿಸ್ಟರ್ ಸುಡುತ್ತದೆ. ಚಿಮ್ಮುತಡೆ ಡಯೋಡ್ ಎನ್ನಬಹುದು. ಒದೆತ, ಹೊಡೆತ ಎನ್ನಬೇಡಿ. ಶಾಕ್ ಹೊಡೆಯುತ್ತದೆ ಅಂತ ಹೆದರುತ್ತಾರೆ.

ಸ್ಟಿಕ್ಕರಿನ "ಸುರಕ್ಷಿತವಾಗಿ" ಯಾರ ಸುರಕ್ಷತೆ? ಓದಿದವರು ತಮ್ಮ ಕೈಯ ಸುರಕ್ಷತೆ ಎಂದುಕೊಂಡು, ಕೈ ಒಣಗಿಸಿಕೊಂಡು ಪ್ಲಗ್ ಕೀಳುತ್ತಾರೆ. ನೀವು ಹೇಳಬೇಕಾದ್ದು ಮೆಮೊರಿಯ ಸುರಕ್ಷತೆ. ಎಟಿಮೆಗಾ328ಪಿ ಥರದ ಚಿಪ್ಪಿನಲ್ಲಿ, ಕರೆಂಟ್ ಹೋದರೂ ಉಳಿಯುವ ಮೆಮೊರಿಗೆ ಒಂದು ಬೈಟ್ ಬರೆಯಲು ಸುಮಾರು 3.4 ಮಿಲಿಸೆಕೆಂಡು ಬೇಕು. ನಡುವೆ ವೋಲ್ಟೇಜ್ ಇಳಿದರೆ ಅರೆಬರೆ ಬರೆದು ಕೂರುತ್ತದೆ. ಅದಕ್ಕೇ ಆ ಚಿಪ್ಪಿನಲ್ಲಿ 1.8, 2.7 ಅಥವಾ 4.3 ವೋಲ್ಟಿಗಿಂತ ಕೆಳಗಾದರೆ ರೀಸೆಟ್ ಆಗುವ ಏರ್ಪಾಡು ಇರುವುದು. ಕೈಪಿಡಿಯಲ್ಲಿ ಹೀಗೆ ವೋಲ್ಟೇಜ್ ಇಳಿಯುವುದಕ್ಕೆ ಬ್ರೌನ್‌ಔಟ್ ಎಂದು ಬಂದರೆ ಲೋ ವೋಲ್ಟೇಜ್ ಎನ್ನಿ, ಎಲ್ಲರಿಗೂ ಗೊತ್ತು.

ಇನ್ನೊಂದು. ರಿಲೇ ಬಿಟ್ಟ ಮೇಲೂ ಬೇರೆ ಯಂತ್ರದ ಡೇಟಾ ತಂತಿಯಿಂದ ಪಿನ್ನಿನ ಮೂಲಕ ಕರೆಂಟ್ ನುಸುಳಿ ಚಿಪ್ಪು ಅರೆಜೀವವಾಗಿ ಉಳಿಯಬಹುದು. ಅದಕ್ಕೆ ನಾನು ಹಿಂಬಾಗಿಲ ಕರೆಂಟ್ ಎನ್ನುತ್ತೇನೆ. ಬೇಕಿದ್ದರೆ ಬಳಸಿ.

ಮರು: ಕರೆಂಟ್ ಯಾವಾಗ ಕನ್ನಡವಾಯಿತು?

ಗಮನಿಸುತ್ತಿದ್ದೇನೆ. ಕರೆಂಟ್, ವೋಲ್ಟೇಜ್, ಕಾಯಿಲ್, ಶಾಕ್. ಇನ್ನು ಉಳಿದದ್ದು ವಿಭಕ್ತಿ ಪ್ರತ್ಯಯ ಮಾತ್ರ. ಮಿಂಚು, ಸುರುಳಿ ಎಂಬ ಪದಗಳು ಸತ್ತಿವೆಯೇ?

ಮರು: ಕರೆಂಟ್ ಯಾವಾಗ ಕನ್ನಡವಾಯಿತು?

ಬಟಾಟೆ, ಚಾವಿ ಪೋರ್ಚುಗೀಸರಿಂದ ಬಂದವು. ಅವನ್ನು ವಾಪಸ್ ಕಳಿಸಿ ಬನ್ನಿ, ಕರೆಂಟ್ ಬಗ್ಗೆ ಆಮೇಲೆ ಮಾತಾಡೋಣ. ಸುರುಳಿ ಮಾತ್ರ ಒಳ್ಳೆಯ ಪದ, ನಿಮ್ಮ ವಾದಕ್ಕಿಂತ ಚೆನ್ನಾಗಿದೆ.

ಮರು: ಕರೆಂಟ್ ಯಾವಾಗ ಕನ್ನಡವಾಯಿತು?

ವಿದ್ಯುತ್ ಸಂಸ್ಕೃತವಾದರೂ ಪರವಾಗಿಲ್ಲ, ಕರೆಂಟ್ ಇಂಗ್ಲಿಷಾದರೂ ಪರವಾಗಿಲ್ಲ, ಮಿಂಚು ಎಂದರೆ ಮಾತ್ರ ನಗು. ಇದು ಯಾವ ನ್ಯಾಯ?

ಮರು: ರಿಲೇ

ಎಲ್ಲರಿಗೂ ಥ್ಯಾಂಕ್ಸ್. ಸ್ಟಿಕ್ಕರ್ ಹೀಗೆ ಕಳಿಸುತ್ತಿದ್ದೇನೆ:

ಕೆಂಪು ಬಟನ್ ಒತ್ತಿ, ದೀಪ ಆರುವ ತನಕ ಕಾಯಿರಿ.
ಆಮೇಲೆ ಪ್ಲಗ್ ತೆಗೆಯಿರಿ.

ಕೈಪಿಡಿಯಲ್ಲಿ ರಿಲೇ, ಸುರುಳಿ, ಚಿಮ್ಮುತಡೆ ಡಯೋಡ್ ಇಟ್ಟುಕೊಂಡೆ. "ಸುಮ್ನಿದ್ದಾಗ" ಎಂಬುದನ್ನು "ಸುಮ್ಮನಿದ್ದಾಗ" ಮಾಡಿದ್ದೇನೆ. ಕೊನೆಯ ಪ್ರಶ್ನೆ: ರಿಲೇಯ ಸುರುಳಿಯೋ, ರಿಲೇನ ಸುರುಳಿಯೋ?

ಮರು: ರಿಲೇ

ರಿಲೇಯ. ಇದರಲ್ಲಿ ಕೇಳುವುದೇನಿದೆ?