ಮಿಲಿಟರಿ ಅಕಾಡೆಮಿಯ ಬೇಸಿಗೆ ಶಿಬಿರಕ್ಕೆ ಹೋದರೆ ಸೀಟು ಹತ್ತಿರವಾಗುತ್ತದೆಯೇ?

ಪ್ರಶ್ನೆ, ಡಲ್ಲಾಸ್‌ನಿಂದ

ಮಗಳು 11ನೇ ಗ್ರೇಡ್. ಆರ್ಮಿಯ ವೆಸ್ಟ್ ಪಾಯಿಂಟ್ ಅಕಾಡೆಮಿ, ಇಲ್ಲವೇ ಅನಾಪೊಲಿಸ್‌ನ ನೇವಲ್ ಅಕಾಡೆಮಿ ಎಂದು ಹಟ ಹಿಡಿದಿದ್ದಾಳೆ. ಜೂನ್‌ನಲ್ಲಿ ಒಂದು ವಾರದ ಶಿಬಿರಗಳಿವೆಯಂತೆ: ವೆಸ್ಟ್ ಪಾಯಿಂಟ್‌ದು ಎಸ್‌ಎಲ್‌ಇ (ಸಮ್ಮರ್ ಲೀಡರ್ಸ್ ಎಕ್ಸ್‌ಪೀರಿಯನ್ಸ್), ನೇವಿಯದು ಸಮ್ಮರ್ ಸೆಮಿನಾರ್. ಅದೇ ಜೂನ್‌ನಲ್ಲಿ ಹಾಸನದಲ್ಲಿ ಮನೆಯ ಮದುವೆ. ಶಿಬಿರಕ್ಕೆ ಹೋದವರಿಗೆ ಅಡ್ಮಿಷನ್‌ನಲ್ಲಿ ನಿಜವಾಗಿ ಅನುಕೂಲ ಇದೆಯೇ? ಊರಿನ ಪ್ರಯಾಣ ಬಿಡುವಷ್ಟು? ಒಳಹೊರಗು ಬಲ್ಲವರು ತಿಳಿಸಿ.

ನ್ಯೂಜೆರ್ಸಿಯಿಂದ

ಶಿಬಿರಕ್ಕೆ ಹೋದದ್ದಕ್ಕೆ ಅಂತ ಪ್ರತ್ಯೇಕ ಅಂಕ ಇಲ್ಲ ಮೇಡಂ. ವೆಸ್ಟ್ ಪಾಯಿಂಟ್ ಲೆಕ್ಕ ಹಾಕುವುದು ಹೀಗೆ: ಓದಿಗೆ 60 ಭಾಗ, ನಾಯಕತ್ವಕ್ಕೆ 30, ದೇಹದಾರ್ಢ್ಯಕ್ಕೆ 10. ಓದು ಎಂದರೆ ಎಸ್‌ಎಟಿ ಅಥವಾ ಎಸಿಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆಯ ಅಂಕ, ಶಾಲೆಯ ಗ್ರೇಡ್, ತರಗತಿಯಲ್ಲಿ ಎಷ್ಟನೆಯವರು ಎಂಬುದು. ನಾಯಕತ್ವ ಎಂದರೆ ಟೀಮ್ ಕ್ಯಾಪ್ಟನ್, ಸ್ಕೌಟ್‌ನಂಥವು, ವರ್ಷಗಟ್ಟಲೆ ಮಾಡಿದ ಕೆಲಸ. ಆರು ದಿನದ ಶಿಬಿರ ಆ ತಕ್ಕಡಿಯಲ್ಲಿ ಎಷ್ಟು ತೂಗೀತು?

2020ನ್ನೇ ನೆನಪಿಸಿಕೊಳ್ಳಿ. ಕೋವಿಡ್‌ನಿಂದಾಗಿ ಆ ಬೇಸಿಗೆಯಲ್ಲಿ ಯಾರೂ ಕ್ಯಾಂಪಸ್‌ನಲ್ಲಿ ಶಿಬಿರ ಮಾಡಲಿಲ್ಲ. ಮರುವರ್ಷದ ಬ್ಯಾಚ್ ಎಂದಿನಂತೆಯೇ ತುಂಬಿತು.

ನಮ್ಮವರು ತಪ್ಪುವುದು ಇನ್ನೊಂದು ಕಡೆ. ನಮ್ಮ ತಲೆಯಲ್ಲಿ ಕೂತಿರುವುದು ಖಡಕ್‌ವಾಸ್ಲಾದ ಎನ್‌ಡಿಎ: ಯುಪಿಎಸ್‌ಸಿ ಲಿಖಿತ ಪರೀಕ್ಷೆ, ಎಸ್‌ಎಸ್‌ಬಿ ಸಂದರ್ಶನ, ಮೆಡಿಕಲ್, ಒಂದು ಮೆರಿಟ್ ಪಟ್ಟಿ. ಇಲ್ಲಿ ಇಡೀ ದೇಶಕ್ಕೆ ಒಂದೇ ಪಟ್ಟಿ ಎಂಬುದಿಲ್ಲ. ಹೆಚ್ಚಿನ ಸೀಟುಗಳ ಸ್ಪರ್ಧೆ ನಿಮ್ಮ ಜಿಲ್ಲೆಯೊಳಗೆ (ಎಂದರೆ ಸಂಸತ್ ಕ್ಷೇತ್ರ), ನಿಮ್ಮ ರಾಜ್ಯದೊಳಗೆ ನಡೆಯುತ್ತದೆ. ಅದು ಸಂಸದರು ಹೆಸರು ಸೂಚಿಸುವ ನಾಮನಿರ್ದೇಶನದ ವಿಷಯ. ತಿಳಿದವರು ಮುಂದೆ ಬರೆಯಲಿ.

ಮೇರಿಲ್ಯಾಂಡ್‌ನಿಂದ

ಮೇಲಿನ ಮಾತು ಸರಿ, ಆದರೆ ಅರ್ಧ. ನೇವಿಯ ಸಮ್ಮರ್ ಸೆಮಿನಾರ್ ಅರ್ಜಿಯೇ ಅಕಾಡೆಮಿಯ ಪ್ರಾಥಮಿಕ ಅರ್ಜಿಯೂ ಆಗುತ್ತದೆ. ಅಂದರೆ ಜನವರಿಯಿಂದ ಮಾರ್ಚ್‌ವರೆಗೆ ಆ ಫಾರಂ ತುಂಬಿದವಳ ಹೆಸರು ಆಗಲೇ ಅವರ ಕಡತದಲ್ಲಿ ಕೂತಿರುತ್ತದೆ. ಶಿಬಿರಕ್ಕೆ ಆಯ್ಕೆ ಆಗಲಿ ಬಿಡಲಿ, ಅರ್ಜಿ ಹಾಕುವುದರಿಂದ ಬರುವ ಲಾಭ ಇದು. ಆದ್ದರಿಂದ ಮದುವೆಗೆ ಹೋಗುವುದೇ ಖಚಿತವಾದರೂ ಅರ್ಜಿಯನ್ನು ಮಾತ್ರ ಬಿಡಬೇಡಿ.

ಆಯ್ಕೆ ಆದರೆ ಅರ್ಥ ಇಷ್ಟೇ: ಅಂಕಗಳು ಸ್ಪರ್ಧೆಗೆ ತಕ್ಕಷ್ಟಿವೆ. ಆಗಲಿಲ್ಲ ಎಂದರೆ ಬಾಗಿಲು ಮುಚ್ಚಿತು ಅಂತಲ್ಲ. ಶಿಬಿರದ ಜಾಗಗಳನ್ನು ಹಂಚುವಾಗ ದೇಶದ ಎಲ್ಲ ಕಡೆಯವರೂ ಬರಲಿ ಎಂದು ನೋಡುತ್ತಾರೆ. ಅರ್ಜಿ ತುಂಬಿ ತುಳುಕುವ ಊರಿನ ಒಳ್ಳೆಯ ವಿದ್ಯಾರ್ಥಿಗೂ ಅಲ್ಲಿ ತಪ್ಪಬಹುದು. ಶಿಬಿರಕ್ಕೆ ಹೋದವರಲ್ಲಿ ಬಹಳ ಮಂದಿಗೆ ಸೀಟು ಸಿಗುತ್ತದೆ ಎನ್ನುತ್ತಾರಲ್ಲ, ಅದು ಬೀಜ ಆರಿಸಿ ಬಿತ್ತಿ ಮಣ್ಣು ಒಳ್ಳೆಯದು ಎಂದಂತೆ. ಮೊದಲೇ ಸೋಸಿದ ಮಕ್ಕಳು ಅವರು.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡುತ್ತೇನೆ. ಅಕಾಡೆಮಿ ಆವರಣದಲ್ಲೇ ನಡೆಯುವ ಈಜು, ಸಾಕರ್, ಕುಸ್ತಿ ಕ್ಯಾಂಪ್‌ಗಳು ದುಡ್ಡು ಕಟ್ಟಿದ ಎಲ್ಲರಿಗೂ ಸಿಗುವಂಥವು. ಅಡ್ಮಿಷನ್ ಕಚೇರಿಗೂ ಅವಕ್ಕೂ ಸಂಬಂಧವಿಲ್ಲ; ಕೋಚ್ ಕಣ್ಣಿಗೆ ಬೀಳಬೇಕಾದ ಆಟಗಾರರ ಕತೆ ಬೇರೆ. ನೇವಿಯ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ) ಕ್ಯಾಂಪ್ ಇನ್ನೂ ಚಿಕ್ಕ ತರಗತಿಯವರದು. ‘ಮಿಲಿಟರಿ ಲೀಡರ್‌ಶಿಪ್’ ಅಂತ ಹೆಸರಿಟ್ಟು ಸಾವಿರಾರು ಡಾಲರ್ ಕೇಳುವ ಖಾಸಗಿ ಶಿಬಿರಗಳನ್ನಂತೂ ಮರೆತುಬಿಡಿ. ಎಸ್‌ಎಲ್‌ಇ, ಸಮ್ಮರ್ ಸೆಮಿನಾರ್‌ಗಳ ಶುಲ್ಕ ಕೆಲವು ನೂರು ಡಾಲರ್, ವಿಮಾನದ ಖರ್ಚು ಬೇರೆ.

ಕೊಲರಾಡೊದಿಂದ

ಶಿಬಿರದಿಂದ ಕೈಗೆ ಹತ್ತುವ ಲಾಭ ಅಂತ ಒಂದಿದ್ದರೆ ಅದು ಸಿಎಫ್‌ಎ, ಎಂದರೆ ದೇಹದಾರ್ಢ್ಯ ಪರೀಕ್ಷೆ. ಶಿಬಿರಗಳಲ್ಲಿ ಸಾಮಾನ್ಯವಾಗಿ ಅದನ್ನು ಮಾಡಿಸುತ್ತಾರೆ. ತಯಾರಿ ಇಲ್ಲದೆ ಹೋದರೆ ಅದೇ ಮುಳ್ಳಾಗುತ್ತದೆ.

ಕ್ರಮ ತಿಳಿದಿರಲಿ. ಮೊದಲು ಮೊಣಕಾಲೂರಿ ಬ್ಯಾಸ್ಕೆಟ್‌ಬಾಲ್ ಎಸೆತ. ಆಮೇಲೆ ಪುಲ್-ಅಪ್, 40 ಗಜದ ಶಟಲ್ ಓಟ, ಹೊಟ್ಟೆಯ ಸ್ನಾಯುಗಳ ಪರೀಕ್ಷೆ, ಒಂದು ನಿಮಿಷದ ಪುಶ್-ಅಪ್. ಕೊನೆಗೆ ಒಂದು ಮೈಲಿ ಓಟ. ನಡುವೆ ಸಿಗುವ ವಿರಾಮ ಕೆಲವೇ ನಿಮಿಷ. ಬಿಡಿಬಿಡಿಯಾಗಿ ಚೆನ್ನಾಗಿ ಮಾಡುವ ಮಕ್ಕಳು ಒಟ್ಟಿಗೆ ಮಾಡುವಾಗ ಕುಸಿಯುವುದು ಇದಕ್ಕೇ. ಪುಲ್-ಅಪ್‌ನಲ್ಲಿ ಸೋತ ತೋಳು ಪುಶ್-ಅಪ್‌ಗೆ ಬರುವುದಿಲ್ಲ. ದಣಿದ ಮೇಲೆ ಮೈಲಿ ಓಟ ಉಳಿದಿರುತ್ತದೆ. ವಾರಕ್ಕೊಮ್ಮೆಯಾದರೂ ಇಡೀ ಪರೀಕ್ಷೆಯನ್ನು ಇದೇ ಕ್ರಮದಲ್ಲಿ, ಗಡಿಯಾರ ಹಿಡಿದು ಮಾಡಿಸಿ.

ಹುಡುಗಿಯರಿಗೆ ಪೂರ್ಣ ಅಂಕದ ಮಟ್ಟ: ಪುಲ್-ಅಪ್ 7, ಪುಶ್-ಅಪ್ 50, ಮೈಲಿಗೆ 6 ನಿಮಿಷ. ಹುಡುಗರಿಗೆ 18, 75, 5 ನಿಮಿಷ 20 ಸೆಕೆಂಡ್. ಎಲ್ಲದರಲ್ಲೂ ಪೂರ್ಣ ಬೇಕಿಲ್ಲ, ಯಾವುದರಲ್ಲೂ ಸೊನ್ನೆ ಆಗಬಾರದು. ಪುಲ್-ಅಪ್ ಒಂದೂ ಬಾರದ ಹುಡುಗಿಯರಿಗೆ ಗಲ್ಲ ಕಂಬಿಯ ಮೇಲಿರುವಂತೆ ತೋಳು ಮಡಚಿ ನೇತಾಡುವ ಆಯ್ಕೆ ಇದೆ. ಆದರೆ ಒಂದಾದರೂ ಪುಲ್-ಅಪ್ ಬರುವಂತೆ ಮಾಡಿಕೊಳ್ಳುವುದೇ ಮೇಲು. ಕುರ್ಚಿ ಹತ್ತಿ ಕಂಬಿಯ ಮೇಲೆ ಗಲ್ಲ ಇಟ್ಟು, ಐದು ಸೆಕೆಂಡ್ ತೆಗೆದುಕೊಂಡು ನಿಧಾನ ಇಳಿಯುವುದು. ಹೀಗೆ ಐದು ಸಲ, ವಾರಕ್ಕೆ ಮೂರು ದಿನ, ಎಂಟು ಹತ್ತು ವಾರ. ಕೈ ಪೂರ್ತಿ ನೇರವಾಗದ, ಕಾಲು ಝಾಡಿಸಿದ ಪುಲ್-ಅಪ್ ಎಣಿಕೆಗೆ ಬರುವುದಿಲ್ಲ. ಮನೆಯಲ್ಲಿ ಹತ್ತು ಎಣಿಸಿದ್ದು ಅಲ್ಲಿ ನಾಲ್ಕಾಗುವುದು ಹೀಗೆ.

ಬ್ಯಾಸ್ಕೆಟ್‌ಬಾಲ್ ಎಸೆತ ನಮ್ಮ ಮಕ್ಕಳು ಕಡೆಗಣಿಸುವ ಐಟಂ. ಎರಡೂ ಮೊಣಕಾಲು ನೆಲದ ಮೇಲೆ, ಒಂದೇ ಕೈ, ತಲೆಯ ಮೇಲಿಂದ. ಕಾಲಿನ ಬಲ ಸಿಗದು, ಸೊಂಟ ತಿರುಗಿಸಿ ಭುಜದಿಂದ ಎಸೆಯಬೇಕು. ಮೂರು ಎಸೆತಗಳಲ್ಲಿ ದೂರದ್ದು ಲೆಕ್ಕಕ್ಕೆ. ಚೆಂಡು ತೀರಾ ಮೇಲಕ್ಕೆ ಹೋಗುವುದೇ ಎಲ್ಲರ ತಪ್ಪು. ಕ್ರಿಕೆಟ್‌ನಲ್ಲಿ ಬೌಂಡರಿಯಿಂದ ಎಸೆದು ರೂಢಿಯಿರುವವರಿಗೆ ಬೇಗ ಹಿಡಿತ ಸಿಗುತ್ತದೆ.

ಮಗಳು ಏರ್‌ಫೋರ್ಸ್ ಅಕಾಡೆಮಿಯನ್ನೂ ಯೋಚಿಸಿದರೆ ನೆನಪಿರಲಿ: ಅದು ಇರುವುದು 7,258 ಅಡಿ ಎತ್ತರದಲ್ಲಿ, ನಮ್ಮ ಮುಳ್ಳಯ್ಯನಗಿರಿಗಿಂತಲೂ ಮೇಲೆ. ಡಲ್ಲಾಸ್‌ನಿಂದ ಬಂದು ಮರುದಿನವೇ ಮೈಲಿ ಓಡಿದರೆ ಮಾಮೂಲಿ ಸಮಯ ಬರುವುದಿಲ್ಲ. ಆ ಪರೀಕ್ಷೆಯನ್ನು ನಿಮ್ಮೂರಲ್ಲೇ, ಶಾಲೆಯ ಪಿ.ಇ. ಟೀಚರ್ ಮುಂದೆ ಕೊಟ್ಟರೂ ನಡೆಯುತ್ತದೆ. ಒಮ್ಮೆ ಸಲ್ಲಿಸಿದ ಅಂಕವನ್ನು ಉತ್ತಮಪಡಿಸಿಕೊಳ್ಳುವ ಅವಕಾಶ ಅಕಾಡೆಮಿಯಿಂದ ಅಕಾಡೆಮಿಗೆ ಬೇರೆ. ಶಿಬಿರದ ಅಂಕ ತಾನಾಗಿ ಕಡತಕ್ಕೆ ಹೋಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಉತ್ತರ ವರ್ಜೀನಿಯಾದಿಂದ

ನಾಮನಿರ್ದೇಶನದ ಬಗ್ಗೆ. ವೆಸ್ಟ್ ಪಾಯಿಂಟ್, ಅನಾಪೊಲಿಸ್, ಏರ್‌ಫೋರ್ಸ್ ಮೂರಕ್ಕೂ ಇದಿಲ್ಲದೆ ಸೀಟು ಇಲ್ಲ. ಒಬ್ಬೊಬ್ಬ ಸಂಸದರ ಲೆಕ್ಕದಲ್ಲಿ ಒಂದೊಂದು ಅಕಾಡೆಮಿಯಲ್ಲಿ ಒಂದು ಹೊತ್ತಿಗೆ ಇರಬಹುದಾದವರು ಐದು ಮಂದಿ. ನಾಲ್ಕೂ ವರ್ಷದವರು ಸೇರಿ ಐದು! ಹಾಗಾಗಿ ಒಂದು ಜಿಲ್ಲೆಗೆ ವರ್ಷಕ್ಕೆ ಒಂದೋ ಎರಡೋ ಜಾಗ ತೆರೆಯುತ್ತದೆ. ನಮ್ಮ ಕಡೆ, ವಾಷಿಂಗ್ಟನ್ ಸುತ್ತ, ಸೇನಾ ಕುಟುಂಬಗಳೇ ತುಂಬಿರುವುದರಿಂದ ಪೈಪೋಟಿ ಜೋರು.

ಮೂರು ಕಡೆ ಅರ್ಜಿ ಹಾಕಬೇಕು: ನಿಮ್ಮ ಜಿಲ್ಲೆಯ ಪ್ರತಿನಿಧಿ, ಇಬ್ಬರು ಸೆನೆಟರ್‌ಗಳು. ಉಪಾಧ್ಯಕ್ಷರ ಕಚೇರಿಗೂ ಹಾಕಬಹುದು, ಖರ್ಚಿಲ್ಲ. ಒಂದೊಂದು ಕಚೇರಿಯ ಫಾರಂ, ಪ್ರಬಂಧ, ಶಿಫಾರಸು ಪತ್ರ, ಕೊನೆಯ ದಿನಾಂಕ ಎಲ್ಲವೂ ಬೇರೆ. ಹೆಚ್ಚಿನವು ಸೆಪ್ಟೆಂಬರ್‌ನಿಂದ ನವೆಂಬರ್ ಒಳಗೆ ಮುಗಿಯುತ್ತವೆ. ಅಕಾಡೆಮಿಯ ಗಡುವು ಜನವರಿ 31 ಎಂದು ನಂಬಿ ಕೂತವರು ಕೈಸುಟ್ಟುಕೊಳ್ಳುವುದು ಇಲ್ಲೇ. ‘ಎಂಪಿ ಪರಿಚಯ ಬೇಕಾ’ ಎಂದು ಎಷ್ಟೋ ಜನ ಕೇಳುತ್ತಾರೆ. ಬೇಡ. ಹೆಚ್ಚಿನ ಕಚೇರಿಗಳಲ್ಲಿ ಸಂದರ್ಶನ ಮಾಡುವುದು ಸ್ಥಳೀಯ ಸಮಿತಿ, ಅದರಲ್ಲಿ ನಿವೃತ್ತ ಅಧಿಕಾರಿಗಳೂ ಇರುತ್ತಾರೆ.

ಶಿಬಿರ ಪರೋಕ್ಷವಾಗಿ ಕೆಲಸಕ್ಕೆ ಬರುವುದು ಈ ಕೋಣೆಯಲ್ಲಿ. ‘ನೇವಿಯೇ ಏಕೆ, ಆರ್ಮಿ ಏಕಲ್ಲ?’ ‘ಓದು ಮುಗಿದ ಮೇಲೆ ಕನಿಷ್ಠ 5 ವರ್ಷ ಸೇವೆ, ಗೊತ್ತೇ?’ ಎಂಬ ಪ್ರಶ್ನೆಗಳಿಗೆ ವೆಬ್‌ಸೈಟ್ ಓದಿ ಬಂದವಳ ಉತ್ತರವೂ, ನೇವಲ್ ಅಕಾಡೆಮಿಯ ಹಾಸ್ಟೆಲ್ ಬ್ಯಾಂಕ್ರಾಫ್ಟ್ ಹಾಲ್‌ನಲ್ಲಿ ಐದು ರಾತ್ರಿ ಕಳೆದು ಬೆಳಗಿನ ಜಾವದ ಕಸರತ್ತು ಮಾಡಿದವಳ ಉತ್ತರವೂ ಬೇರೆಯಾಗಿಯೇ ಕೇಳಿಸುತ್ತವೆ. ನೇವಲ್ ಅಕಾಡೆಮಿಯ ಸ್ಥಳೀಯ ಪ್ರತಿನಿಧಿಯಾದ ಬ್ಲೂ ಅಂಡ್ ಗೋಲ್ಡ್ ಅಧಿಕಾರಿ ಮಾಡುವ ಸಂದರ್ಶನಕ್ಕೂ ಇದೇ ಮಾತು. ಶಿಬಿರ ಮುಗಿಸಿ ‘ಇದು ನನಗಲ್ಲ’ ಎಂದು ಬರುವ ಮಕ್ಕಳೂ ಇದ್ದಾರೆ. ನನ್ನ ದೃಷ್ಟಿಯಲ್ಲಿ ಆ ಕೆಲವು ನೂರು ಡಾಲರ್‌ಗೆ ಅದಕ್ಕಿಂತ ಒಳ್ಳೆಯ ಮೌಲ್ಯ ಸಿಗದು.

ಬೇ ಏರಿಯಾದಿಂದ

ಅಕ್ಕಾ, ಶಿಬಿರದ ಚಿಂತೆಗೆ ಮೊದಲು ಎರಡು ಕಾಗದ ನೋಡಿಕೊಳ್ಳಿ.

ಒಂದು, ಪೌರತ್ವ. ಸೇರುವ ಹೊತ್ತಿಗೆ ಅಮೆರಿಕದ ಪೌರಳಾಗಿರಬೇಕು. ಗ್ರೀನ್ ಕಾರ್ಡ್ ಸಾಲದು. ಮಗಳು ಇಲ್ಲೇ ಹುಟ್ಟಿದ್ದರೆ ತೊಂದರೆಯಿಲ್ಲ. ಅಲ್ಲಿ ಹುಟ್ಟಿ, ಗ್ರೀನ್ ಕಾರ್ಡ್ ಪಡೆದು, 18 ತುಂಬುವ ಮೊದಲು ನಿಮ್ಮಲ್ಲೊಬ್ಬರು ಪೌರರಾಗಿ, ಅವಳು ನಿಮ್ಮ ಜೊತೆಗೇ ಇದ್ದರೆ ತಾನಾಗಿ ಪೌರಳಾಗುತ್ತಾಳೆ. ಅದಕ್ಕೆ ಪುರಾವೆಯಾಗಿ ಪಾಸ್‌ಪೋರ್ಟ್ ಮಾಡಿಸಿಟ್ಟುಕೊಳ್ಳಿ. 18 ದಾಟಿದರೆ ಅವಳೇ ಬೇರೆ ಅರ್ಜಿ ಹಾಕಬೇಕು, ಕಾಲ ಹಿಡಿಯುತ್ತದೆ. ಇನ್ನೊಂದು ಮಾತು, ಇದನ್ನು ಬಹಳ ಮಂದಿ ಗಮನಿಸಿರುವುದಿಲ್ಲ: ವಿದೇಶಿ ಸೇನೆಯಲ್ಲಿ ಇರುವವರಿಗೂ ನಿವೃತ್ತರಿಗೂ ಓಸಿಐ (ಭಾರತ ಮೂಲದವರು ವೀಸಾ ಇಲ್ಲದೆ ಬಂದುಹೋಗುವ ಕಾರ್ಡ್) ಕೊಡುವುದಿಲ್ಲ ಎಂಬುದು ಭಾರತ ಸರ್ಕಾರದ ನಿಯಮ. ಮುಂದೆ ಅಜ್ಜಿ ಮನೆಗೆ ಹೋಗಬೇಕಾದರೂ ವೀಸಾ ಬೇಕಾದೀತು. ಮನೆಯಲ್ಲಿ ಕೂತು ಮಾತಾಡಿಕೊಳ್ಳಬೇಕಾದ ವಿಷಯ.

ಎರಡು, ಮೆಡಿಕಲ್. ಡಾಡ್‌ಮರ್ಬ್ ಎಂಬ ರಕ್ಷಣಾ ಇಲಾಖೆಯ ವೈದ್ಯಕೀಯ ಮಂಡಳಿ ನೋಡುತ್ತದೆ. ಶಿಬಿರಕ್ಕೆ ಕೊಡುವ ಆರೋಗ್ಯ ಫಾರಂಗೂ ಇದಕ್ಕೂ ಸಂಬಂಧವಿಲ್ಲ. ಶಿಬಿರ ಮುಗಿಸಿ ಬಂದವರೂ ಇಲ್ಲಿ ಉರುಳುತ್ತಾರೆ. 13ನೇ ಹುಟ್ಟುಹಬ್ಬದ ನಂತರ ಅಸ್ತಮಾ ಎಂದು ದಾಖಲಾಗಿದ್ದರೆ ಅನರ್ಹತೆ. ಕೆಮ್ಮು ಬಂದಾಗ ಡಾಕ್ಟರು ಒಂದು ಇನ್‌ಹೇಲರ್ ಬರೆದು ಕಳಿಸಿದ್ದೂ ಮುಂದೆ ಪ್ರಶ್ನೆಯಾಗುತ್ತದೆ. ಈಗಲೇ ಡಾಕ್ಟರ್ ಕಚೇರಿಯಿಂದ, ಫಾರ್ಮಸಿಯಿಂದ ದಾಖಲೆ ತರಿಸಿ, ಎಲ್ಲಿ ಏನು ಬರೆದಿದ್ದಾರೆ ಎಂದು ಓದಿ. ಮುಚ್ಚಿಡಬೇಡಿ. ಅನರ್ಹ ಎಂದು ಬಂದ ಮೇಲೂ ಅಕಾಡೆಮಿ ವಿನಾಯಿತಿ ಕೊಡಬಹುದು, ಸುಳ್ಳಿಗೆ ಮಾತ್ರ ವಿನಾಯಿತಿ ಇಲ್ಲ. ಎಡಿಎಚ್‌ಡಿ ಔಷಧಿ, ಕಡಲೆಕಾಯಿಯಂಥ ತೀವ್ರ ಅಲರ್ಜಿ ಇದ್ದರೂ ಅದೇ ದಾರಿ.

ಪ್ರಶ್ನೆ ಕೇಳಿದವರು

ಮಗಳು ಇಲ್ಲೇ ಹುಟ್ಟಿದವಳು, ಪೌರತ್ವದ ಚಿಂತೆಯಿಲ್ಲ. ಓಸಿಐ ವಿಷಯ ಗೊತ್ತೇ ಇರಲಿಲ್ಲ. ಮದುವೆ ಜೂನ್ 14ಕ್ಕೆ. ಎರಡನ್ನೂ ಹೊಂದಿಸಲು ದಾರಿ ಇದೆಯೇ?

ಮೇರಿಲ್ಯಾಂಡ್‌ನಿಂದ

ಶಿಬಿರಗಳು ಒಂದಕ್ಕಿಂತ ಹೆಚ್ಚು ತಂಡಗಳಲ್ಲಿ ನಡೆಯುತ್ತವೆ. ನೇವಿಯದು ಜೂನ್‌ನಲ್ಲಿ ಮೂರು ವಾರ, ವಾರಕ್ಕೊಂದು ತಂಡ. ಅರ್ಜಿಯಲ್ಲಿ ಯಾವ ವಾರ ಬರಲಾಗದು ಎಂದು ತಿಳಿಸಿ. ಮೊದಲ ವಾರ ಸಿಕ್ಕರೆ ಅಲ್ಲಿಂದ ನೇರ ಬೆಂಗಳೂರಿಗೆ ವಿಮಾನ ಹತ್ತಬಹುದು. ಟಿಕೆಟ್ ದಿನಾಂಕ ಬದಲಿಸಬಹುದಾದದ್ದನ್ನೇ ತೆಗೆದುಕೊಳ್ಳಿ, ಫಲಿತಾಂಶ ಬರುವಾಗ ವಸಂತ ಬಂದಿರುತ್ತದೆ.

ಜೂನ್ ಪೂರ್ತಿ ಕೈತಪ್ಪಿದರೆ ಕನೆಕ್ಟಿಕಟ್‌ನ ನ್ಯೂ ಲಂಡನ್‌ನಲ್ಲಿರುವ ಕೋಸ್ಟ್ ಗಾರ್ಡ್ ಅಕಾಡೆಮಿಯ ಏಮ್ ಶಿಬಿರ ಜುಲೈಯಲ್ಲಿ. ಆ ಅಕಾಡೆಮಿಗೆ ನಾಮನಿರ್ದೇಶನವೇ ಬೇಡ, ಆದ್ದರಿಂದ ಹೇಗೂ ಪಟ್ಟಿಯಲ್ಲಿರಬೇಕಾದದ್ದು. ಅದೂ ಆಗದಿದ್ದರೆ 12ನೇ ಗ್ರೇಡ್‌ನಲ್ಲಿ, ಅಕಾಡೆಮಿಯ ತರಗತಿಗಳು ನಡೆಯುವಾಗ, ಅರ್ಜಿದಾರರಿಗೆ ಭೇಟಿಯ ಅವಕಾಶವಿದೆ. ಒಬ್ಬ ಕೆಡೆಟ್ ಜೊತೆ ಇದ್ದು ಕ್ಲಾಸು, ಊಟದ ಹಾಲ್, ಹಾಸ್ಟೆಲ್ ಎಲ್ಲ ನೋಡಬಹುದು. ಶಿಬಿರದಲ್ಲಿ ಕಾಣುವುದು ಬೇಸಿಗೆಯ ಅಕಾಡೆಮಿ, ಇಲ್ಲಿ ಕಾಣುವುದು ನವೆಂಬರ್‌ನ ಚಳಿಯಲ್ಲಿ ಕ್ಯಾಲ್ಕುಲಸ್ ಓದುವ ಅಕಾಡೆಮಿ. ಹಾಸನದಲ್ಲಿರುವ ಎರಡು ವಾರ ಓಟ ಮಾತ್ರ ತಪ್ಪಿಸಬೇಡಿ. ಮದುವೆ ಊಟದ ಮೇಲೆ ಮೈಲಿಗೆ ಮೂವತ್ತು ಸೆಕೆಂಡ್ ಏರುವುದು ದೊಡ್ಡ ಮಾತಲ್ಲ.