ಅಪ್‌ಡೇಟ್: ಕ್ಲಾಟ್ ಮಾಕ್‌ನಲ್ಲಿ ಸಮಯ ಸಾಲದ ಪ್ರಶ್ನೆ

ಪುಣೆಯಲ್ಲಿದ್ದುಕೊಂಡು ಕ್ಲಾಟ್ (ರಾಷ್ಟ್ರೀಯ ಕಾನೂನು ವಿವಿಗಳ ಪ್ರವೇಶ ಪರೀಕ್ಷೆ), ಎಂಎಚ್ ಸಿಇಟಿ ಲಾ (ಮಹಾರಾಷ್ಟ್ರದ ಕಾನೂನು ಕಾಲೇಜುಗಳ ಪ್ರವೇಶ ಪರೀಕ್ಷೆ) ಎರಡಕ್ಕೂ ಒಟ್ಟಿಗೆ ಓದುವುದು ಹೇಗೆ, ಮಾಕ್‌ನಲ್ಲಿ (ಅಣಕು ಪರೀಕ್ಷೆಯಲ್ಲಿ) ಸಮಯ ಸಾಲುತ್ತಿಲ್ಲ ಎಂದು ಕೇಳಿದ್ದೆ. ನೀವು ಹೇಳಿದಂತೆ ತಪ್ಪುಗಳನ್ನೆಲ್ಲ ಬರೆದಿಟ್ಟು ನೋಡಿದರೆ, ಗಂಟು ಇದ್ದದ್ದು ಲೀಗಲ್ ರೀಸನಿಂಗ್‌ನಲ್ಲಿ, ಅಂದರೆ ಪ್ಯಾಸೇಜಿನಲ್ಲಿ ಕೊಟ್ಟ ನಿಯಮವನ್ನು ಒಂದು ಸನ್ನಿವೇಶಕ್ಕೆ ಅನ್ವಯಿಸುವ ಭಾಗದಲ್ಲಿ. ನಿಯಮದೊಳಗಿನ ಒಂದು ‘ಅನ್‌ಲೆಸ್’ (ಹೀಗಾಗದ ಹೊರತು) ಕಣ್ತಪ್ಪಿದರೂ ಉತ್ತರ ತಲೆಕೆಳಗಾಗುತ್ತದೆ. ‘ಆ್ಯಂಡ್’, ‘ಆರ್’ ಕೂಡ ಹಾಗೇ. ಈಗ ಮೊದಲ ಓದಿನಲ್ಲೇ ಈ ಪದಗಳ ಸುತ್ತ ಗೆರೆ ಎಳೆಯುತ್ತೇನೆ, ಪ್ಯಾಸೇಜಿಗೆ ಮರಳಿ ಹೋಗುವುದು ತಪ್ಪಿದೆ. ಹೊರಗೆ ಓದಿದ ಕಾನೂನನ್ನು ಅಲ್ಲಿ ತುರುಕಲೇಬಾರದು, ಕೊಟ್ಟ ನಿಯಮವೇ ಅಂತಿಮ.

ಕ್ಲಾಟ್‌ನಲ್ಲಿ 120 ಪ್ರಶ್ನೆಗೆ 120 ನಿಮಿಷ, ಉತ್ತರ ಹಾಳೆಯ ಬಬಲ್ ತುಂಬುವುದೂ ಅದರಲ್ಲೇ. ಹಾಗಾಗಿ ಪ್ಯಾಸೇಜ್ ಮುಗಿದ ಕೂಡಲೇ ತುಂಬಿ. ತಪ್ಪಿಗೆ 0.25 ಕಡಿತ, ಎರಡು ಆಯ್ಕೆ ತಳ್ಳಿಹಾಕಲಾದರೆ ಊಹಿಸುವುದೇ ಲಾಭ. ಎಂಎಚ್ ಸಿಇಟಿ ಲಾದಲ್ಲಿ ಕಡಿತವೇ ಇಲ್ಲ, ಒಂದನ್ನೂ ಖಾಲಿ ಬಿಡಬೇಡಿ.