ವೆಲ್ಡಿಂಗ್ ಕಲಿಯಲಿ, ಆದರೆ ಮೊದಲು ವೀಸಾ ನೋಡಿ

ಹನ್ನೆರಡನೆಯ ತರಗತಿ ಮುಗಿಸುತ್ತಿರುವ ಮಗ ಕಂಪ್ಯೂಟರ್ ಸೈನ್ಸ್ ಬೇಡ, ಕಮ್ಯುನಿಟಿ ಕಾಲೇಜಿಗೆ ಸೇರಿ ವೆಲ್ಡಿಂಗ್ ಕಲಿಯುತ್ತೇನೆ ಎಂದು ಹಟ ಹಿಡಿದಿದ್ದಾನೆ, ಏನು ಮಾಡಲಿ ಎಂದು ಕೇಳಿದ ಸಹೋದರಿಗೆ ಅಮೆರಿಕದಲ್ಲಿರುವ ನಮ್ಮ ಕನ್ನಡಿಗರ ಈ ಗುಂಪಿನಲ್ಲಿ ಬಂದ ಉತ್ತರಗಳನ್ನೆಲ್ಲ ಓದಿದೆ. ಅರ್ಧ ಜನ ‘ಕೌನ್ಸೆಲಿಂಗ್ ಕೊಡಿಸಿ’ ಎಂದಿದ್ದಾರೆ. ಉಳಿದವರು ‘ವೆಲ್ಡರುಗಳು ಡಾಕ್ಟರರಿಗಿಂತ ಹೆಚ್ಚು ಗಳಿಸುತ್ತಾರೆ, ಯೂಟ್ಯೂಬಿನಲ್ಲಿ ನೋಡಿದ್ದೇನೆ’ ಎಂದು ಧೈರ್ಯ ತುಂಬಿದ್ದಾರೆ. ಆ ತಾಯಿಗೆ ಎರಡರಿಂದಲೂ ಪ್ರಯೋಜನವಿಲ್ಲ. ನಾನು ಹೂಸ್ಟನ್ನಿನಲ್ಲಿ ಪ್ರೆಷರ್ ವೆಸೆಲ್ (ಒತ್ತಡ ತಾಳುವ ಲೋಹದ ಟ್ಯಾಂಕು) ತಯಾರಿಸುವ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ಬಹಳ ಕಾಲದಿಂದ ಇದ್ದೇನೆ. ನನ್ನ ಮಗಳು ಇಲ್ಲಿನ ಕಮ್ಯುನಿಟಿ ಕಾಲೇಜಿನಲ್ಲಿಯೇ ವೆಲ್ಡಿಂಗ್ ಕಲಿತಳು. ಆದ್ದರಿಂದ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲನೆಯ ಪ್ರಶ್ನೆ ಮರ್ಯಾದೆಯದಲ್ಲ, ವೀಸಾದ್ದು. ಮಗ ಇಲ್ಲಿ ಹುಟ್ಟಿದವನೇ, ಗ್ರೀನ್ ಕಾರ್ಡ್ ಇದೆಯೇ, ಎಚ್-1ಬಿ ಕೆಲಸದ ವೀಸಾದವರ ಮಕ್ಕಳಿಗೆ ಕೊಡುವ ಎಚ್-4ನಲ್ಲಿ ಇದ್ದಾನೆಯೇ ಎಂದು ಯಾರೂ ಕೇಳಲಿಲ್ಲ. ಎಚ್-4ನಲ್ಲಿದ್ದರೆ 21 ತುಂಬಿದ ದಿನ ಆ ಸ್ಥಾನಮಾನ ಮುಗಿಯುತ್ತದೆ. ಅಲ್ಲಿಯವರೆಗೆ ಓದಬಹುದು, ದುಡಿಯುವಂತಿಲ್ಲ. ಸಂಬಳ ಕೊಡುವ ಅಪ್ರೆಂಟಿಸ್‌ಶಿಪ್ ಕೂಡ ದುಡಿಮೆಯೇ. ಆಮೇಲೆ ವಿದ್ಯಾರ್ಥಿ ವೀಸಾ ಎಫ್-1ಕ್ಕೆ ಬದಲಾಯಿಸಿಕೊಂಡು ಎರಡು ವರ್ಷದ ಅಸೋಸಿಯೇಟ್ ಪದವಿ ಮುಗಿಸಿದರೆ ಸಿಗುವುದು 12 ತಿಂಗಳ ಒಪಿಟಿ, ಅಂದರೆ ಓದಿದ ವಿಷಯದಲ್ಲಿ ಕೆಲಸ ಮಾಡಲು ಅನುಮತಿ. ವಿಜ್ಞಾನ, ಎಂಜಿನಿಯರಿಂಗ್ ಪದವೀಧರರಿಗೆ ಸಿಗುವ 24 ತಿಂಗಳ ವಿಸ್ತರಣೆಗೆ ಕನಿಷ್ಠ ಬ್ಯಾಚುಲರ್ ಪದವಿ ಬೇಕು. ಎಚ್-1ಬಿಗೂ ಬ್ಯಾಚುಲರ್ ಪದವಿ ಬೇಡುವ ಹುದ್ದೆಯೇ ಆಗಬೇಕು, ವೆಲ್ಡರ್ ಹುದ್ದೆ ಅದರಲ್ಲಿ ಬರುವುದಿಲ್ಲ. ಉದ್ಯೋಗದಾತ ಕೆಲಸದ ಮೂಲಕ ಗ್ರೀನ್ ಕಾರ್ಡ್ ಕೊಡುವ ಇಬಿ-3 ವರ್ಗದಲ್ಲಿ ಅರ್ಜಿ ಹಾಕಬಹುದು ಎಂದು ಯಾರಾದರೂ ಹೇಳಿದರೆ, ಭಾರತದಲ್ಲಿ ಹುಟ್ಟಿದವರ ಸರದಿ ಎಷ್ಟು ವರ್ಷ ಹಿಂದೆ ನಿಂತಿದೆ ಎಂಬುದು ನಮಗೆಲ್ಲ ಬಾಯಿಪಾಠವಾಗಿರುವ ಸಂಗತಿ. ಅಂದರೆ ಎಚ್-4 ಮಗುವಿಗೆ ಈ ದಾರಿ ಗೋಡೆಗೆ ಹೋಗಿ ಮುಟ್ಟುತ್ತದೆ. ಹುಡುಗನಿಗೆ ನಿಜವಾಗಿಯೂ ಲೋಹದ ಮೇಲೆ ಪ್ರೀತಿಯಿದ್ದರೆ ನಾಲ್ಕು ವರ್ಷದ ಪದವಿಗಳಿವೆ: ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವೆಲ್ಡಿಂಗ್ ಎಂಜಿನಿಯರಿಂಗ್ ಇದೆ, ನಮ್ಮ ಟೆಕ್ಸಾಸಿನ ಲಾಂಗ್‌ವ್ಯೂ ಊರಿನ ಲೆಟೂರ್ನೊದಲ್ಲಿಯೂ ಅದೇ ಬಗೆಯದೊಂದಿದೆ. ಆ ಪದವಿಯ ಮೇಲೆ ಎಚ್-1ಬಿ ಕೇಳಬಹುದು.

ಮಗ ಪ್ರಜೆಯಾಗಿದ್ದರೆ ಅಥವಾ ಗ್ರೀನ್ ಕಾರ್ಡ್ ಇದ್ದರೆ ಮುಂದೆ ಓದಿ.

ಹೂಸ್ಟನ್ ಸುತ್ತಮುತ್ತ ಸ್ಯಾನ್ ಜಸಿಂಟೊ, ಲೋನ್ ಸ್ಟಾರ್, ಹೂಸ್ಟನ್ ಕಮ್ಯುನಿಟಿ ಕಾಲೇಜು, ಮೂರರಲ್ಲೂ ವೆಲ್ಡಿಂಗ್ ಇದೆ. ಹಡಗು ಕಾಲುವೆಯ ದಂಡೆಯ ಉದ್ದಕ್ಕೂ ತೈಲ ಶುದ್ಧೀಕರಣಾಗಾರಗಳಿರುವ ಊರಿನಲ್ಲಿ ಇಲ್ಲದಿದ್ದರೆ ಆಶ್ಚರ್ಯ. ಟೆಕ್ಸಾಸಿನಲ್ಲಿ ಕಾಲೇಜಿನ ಜಿಲ್ಲೆಯೊಳಗೆ ಮನೆ ಇರುವವರಿಗೆ ಒಂದು ಶುಲ್ಕ, ಹೊರಗಿನವರಿಗೆ ಒಂದು, ಬೇರೆ ರಾಜ್ಯದವರಿಗೆ ಮತ್ತೊಂದು. ನಿಮ್ಮ ಮನೆ ಯಾವ ಜಿಲ್ಲೆಗೆ ಸೇರುತ್ತದೆ ಎಂದು ಮೊದಲು ನೋಡಿಕೊಳ್ಳಿ. ಹೈಸ್ಕೂಲಿನಲ್ಲಿ ಡ್ಯುಯಲ್ ಕ್ರೆಡಿಟ್ (ಶಾಲೆಯಲ್ಲಿರುವಾಗಲೇ ಕಾಲೇಜಿನ ಕೋರ್ಸು ಓದುವ ವ್ಯವಸ್ಥೆ) ಇದ್ದರೆ ಹುಡುಗ ಈಗಲೇ ಒಂದು ಕೋರ್ಸು ತೆಗೆದುಕೊಂಡು ನೋಡಲಿ. ಹೊಗೆ, ಸೆಕೆ, ಸದ್ದು ಒಗ್ಗುತ್ತದೆಯೇ ಇಲ್ಲವೇ ಎಂಬುದು ಒಂದು ಸೆಮಿಸ್ಟರಿನಲ್ಲಿ ತಿಳಿದುಹೋಗುತ್ತದೆ, ಕೌನ್ಸೆಲಿಂಗಿಗೆ ಹಣ ಕೊಡಬೇಕಾಗಿಲ್ಲ.

ಇದು ದಡ್ಡರ ಓದು ಎಂದು ಬರೆದವರೊಬ್ಬರಿಗೆ ಮಾತ್ರ ಈ ಭಾಗ. ಮೊದಲ ಸೆಮಿಸ್ಟರಿನಲ್ಲಿ ಗ್ಯಾಸಿನಿಂದ ಉಕ್ಕು ಕತ್ತರಿಸುವುದು, ನಕ್ಷೆ ಓದುವುದು, ರಾಡ್ ಹಿಡಿದು ಸ್ಟಿಕ್ ವೆಲ್ಡಿಂಗ್ ಮಾಡುವುದು. ಒಂದು ಬಗೆಯ ರಾಡಿನ ಮೇಲೆ 7018 ಎಂದು ಅಚ್ಚಾಗಿರುತ್ತದೆ. ಅದರಲ್ಲಿ 70 ಎಂದರೆ ಆ ಬೆಸುಗೆ ಚದರ ಇಂಚಿಗೆ ಕನಿಷ್ಠ 70,000 ಪೌಂಡ್ ಎಳೆತ ತಾಳಬೇಕು ಎಂದು. ಈ ರಾಡನ್ನು ಓವನ್ನಿನಲ್ಲಿ ಬಿಸಿಯಾಗಿಯೇ ಇಟ್ಟಿರಬೇಕು. ತೇವ ಹೀರಿದರೆ ನೀರಿನ ಹೈಡ್ರೋಜನ್ ಲೋಹದೊಳಗೆ ಸೇರಿ, ಬೆಸುಗೆ ತಣಿದು ಗಂಟೆಗಳಾದ ಮೇಲೆ, ಕೆಲವೊಮ್ಮೆ ಮರುದಿನ, ಒಳಗಿನಿಂದ ಬಿರುಕು ಬಿಡುತ್ತದೆ. ಶಾಲೆಯಲ್ಲಿ ರಸಾಯನಶಾಸ್ತ್ರ ಎಂದರೆ ಮುಖ ಸಿಂಡರಿಸುತ್ತಿದ್ದ ಮಗಳು ಈ ಹೈಡ್ರೋಜನ್ ಪುರಾಣವನ್ನು ಊಟದ ಹೊತ್ತಿನಲ್ಲಿ ನನಗೇ ಪಾಠ ಮಾಡುತ್ತಿದ್ದಳು. ಆಮೇಲೆ ತಂತಿ ತಾನಾಗಿ ಬರುವ ಮಿಗ್, ಪೀಣ್ಯದ ಕಡೆ ಆರ್ಗಾನ್ ವೆಲ್ಡಿಂಗ್ ಎಂದು ಕರೆಯುವ ಟಿಗ್, ಕೊನೆಗೆ ಪೈಪ್. ಪೈಪನ್ನು 45 ಡಿಗ್ರಿ ಓರೆಯಾಗಿ ಅಲುಗಾಡದಂತೆ ನಿಲ್ಲಿಸಿ ಸುತ್ತಲೂ ಬೆಸೆಯುವ ಪರೀಕ್ಷೆಗೆ 6ಜಿ ಎನ್ನುತ್ತಾರೆ. ಪೈಪ್ ತಿರುಗುವುದಿಲ್ಲ, ತಿರುಗಬೇಕಾದವರು ನಾವು.

ಅಮೆರಿಕನ್ ವೆಲ್ಡಿಂಗ್ ಸೊಸೈಟಿಯ ಡಿ1.1 ಎಂಬ ಉಕ್ಕಿನ ಬೆಸುಗೆಯ ಸಂಹಿತೆಯ ಪ್ರಕಾರ ಪ್ಲೇಟಿನ ಪರೀಕ್ಷೆ ಹೀಗೆ: ಬೆಸೆದ ತುಂಡಿನಿಂದ ಪಟ್ಟಿಗಳನ್ನು ಕತ್ತರಿಸಿ ಯಂತ್ರದಲ್ಲಿಟ್ಟು ಇಂಗ್ಲಿಷಿನ ಯು ಅಕ್ಷರದ ಆಕಾರಕ್ಕೆ ಬಗ್ಗಿಸುತ್ತಾರೆ. ಮೇಲ್ಮೈಯಲ್ಲಿ ಸುಮಾರು 3 ಮಿಲಿಮೀಟರಿಗಿಂತ ದೊಡ್ಡ ಬಿರುಕು ಬಾಯಿ ತೆರೆದರೆ ಫೇಲು. ಗ್ರೇಸ್ ಅಂಕವಿಲ್ಲ, ಮರುಮೌಲ್ಯಮಾಪನವಿಲ್ಲ. ಪಾಸಾದರೂ ಆರು ತಿಂಗಳಿಗೂ ಹೆಚ್ಚು ಕಾಲ ಆ ವಿಧಾನದಲ್ಲಿ ಕೆಲಸ ಮಾಡದಿದ್ದರೆ ಅರ್ಹತೆ ಬಿದ್ದುಹೋಗುತ್ತದೆ. ನಮ್ಮ ಕಾರ್ಖಾನೆಗೆ ಬರುವ ಹುಡುಗರನ್ನು ಯಾವ ಕಾಲೇಜು ಎಂದು ನಾವು ಕೇಳುವುದಿಲ್ಲ. ಬೂತಿಗೆ, ಅಂದರೆ ಒಬ್ಬರು ನಿಂತು ಬೆಸೆಯುವ ಸಣ್ಣ ಗೂಡಿಗೆ, ಕಳಿಸಿ ಒಂದು ಪೈಪ್ ಕೊಡುತ್ತೇವೆ.

ಇನ್ನು ಹಣ. ಸರ್ಕಾರದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2024ರ ಮೇ ತಿಂಗಳಲ್ಲಿ ವೆಲ್ಡರುಗಳ ಮಧ್ಯಮ ವಾರ್ಷಿಕ ಸಂಬಳ ಸುಮಾರು 51,000 ಡಾಲರ್. ಅಂದರೆ ಅರ್ಧದಷ್ಟು ಜನ ಅದಕ್ಕಿಂತ ಕಡಿಮೆ ಗಳಿಸುತ್ತಾರೆ. ಯೂಟ್ಯೂಬಿನ ಲಕ್ಷಗಳು ಸ್ವಂತ ಟ್ರಕ್ಕಿನ ಮೇಲೆ ಯಂತ್ರ ಹೇರಿಕೊಂಡು ಪೈಪ್‌ಲೈನ್ ಹಿಂದೆ ತಿಂಗಳುಗಟ್ಟಲೆ ಊರೂರು ಅಲೆಯುವವರವು, ಅಥವಾ ಶುದ್ಧೀಕರಣಾಗಾರ ನಿಲ್ಲಿಸಿ ದುರಸ್ತಿ ಮಾಡುವ ಟರ್ನ್‌ಅರೌಂಡಿನಲ್ಲಿ ದಿನಕ್ಕೆ ಹನ್ನೆರಡು ಗಂಟೆ ದುಡಿಯುವವರವು. ಅದೂ ಎಣ್ಣೆಯ ಬೆಲೆ ಚೆನ್ನಾಗಿರುವಾಗ. 2020ರ ಏಪ್ರಿಲ್ 20ರಂದು ಇಲ್ಲಿನ ಕಚ್ಚಾ ತೈಲದ ವಾಯಿದೆ ಬೆಲೆ ಸೊನ್ನೆಗಿಂತ ಕೆಳಗಿಳಿದದ್ದು ನೆನಪಿರಬಹುದು. ಆ ವರ್ಷ ಇಲ್ಲಿ ಕೆಲಸ ಕಳೆದುಕೊಂಡವರಲ್ಲಿ ವೆಲ್ಡರುಗಳೂ ಇದ್ದರು, ಎಂಜಿನಿಯರರೂ ಇದ್ದರು. ಸ್ಥಿರವಾದ ದಾರಿ ಬೇಕೆನ್ನುವವರು ಪೈಪ್‌ಫಿಟರ್‌ಗಳ (ಪೈಪ್ ಜೋಡಿಸುವವರ) ಕಾರ್ಮಿಕ ಸಂಘದ ಐದು ವರ್ಷದ ಅಪ್ರೆಂಟಿಸ್‌ಶಿಪ್ ನೋಡಿ: ಕಲಿಯುತ್ತಲೇ ಸಂಬಳ, ಹಂತ ಹಂತವಾಗಿ ಏರಿಕೆ. ನನ್ನನ್ನು ಕೇಳಿದರೆ ಯೂಟ್ಯೂಬಿಗಿಂತ ಅದೇ ವಾಸಿ.

ಯಾರೂ ಎತ್ತದ ಇನ್ನೊಂದು ವಿಷಯ ಆರೋಗ್ಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಕ್ಯಾನ್ಸರ್ ತರುವ ಮೊದಲನೆಯ ಗುಂಪಿಗೆ ಸೇರಿಸಿತು. ಸ್ಟೇನ್‌ಲೆಸ್ ಸ್ಟೀಲಿನ ಹೊಗೆಯಲ್ಲಿ ಕ್ರೋಮಿಯಂನ ವಿಷಕಾರಿ ರೂಪವಿರುತ್ತದೆ. ಸತು ಲೇಪಿಸಿದ ಕಬ್ಬಿಣ ಬೆಸೆದರೆ ರಾತ್ರಿ ಚಳಿಜ್ವರ ಬರುತ್ತದೆ. ವೆಲ್ಡಿಂಗಿನ ಚಾಪದ (ಆರ್ಕ್) ಬೆಳಕನ್ನು ಬರಿಗಣ್ಣಿನಿಂದ ನೋಡಿದರೆ ಆಗ ಏನೂ ಆಗುವುದಿಲ್ಲ, ಗಂಟೆಗಳ ನಂತರ ಕಣ್ಣಿಗೆ ಮರಳು ಸುರಿದಂತಾಗುತ್ತದೆ. ಇದನ್ನೆಲ್ಲ ಹೆದರಿಸಲು ಹೇಳುತ್ತಿಲ್ಲ. ಕಾಲೇಜಿಗೆ ಹೋದಾಗ ಕಟ್ಟಡದ ಅಂದ ನೋಡಬೇಡಿ. ಪ್ರತಿ ಬೂತಿನಲ್ಲಿ ಹೊಗೆ ಹೀರುವ ಕೊಳವೆ ಇದೆಯೇ, ಅದು ಓಡುತ್ತಿದೆಯೇ, ವಾರಕ್ಕೆ ಎಷ್ಟು ಗಂಟೆ ಮಕ್ಕಳ ಕೈಯಲ್ಲಿ ರಾಡ್ ಇರುತ್ತದೆ, ಬೋಧಕರು ಪ್ರಮಾಣೀಕೃತ ವೆಲ್ಡಿಂಗ್ ಇನ್‌ಸ್ಪೆಕ್ಟರರೇ, ಇವನ್ನು ಕೇಳಿ.

ಮರ್ಯಾದೆಯ ಮಾತು ಕೊನೆಗೆ. ಊರಿನಲ್ಲಿ ವೆಲ್ಡರ್ ಎಂದರೆ ಐಟಿಐಯ ಒಂದು ವರ್ಷದ ಕೋರ್ಸು, ಎಂಟನೆಯ ತರಗತಿ ಪಾಸಾದವರಿಗೂ ಸೀಟು. ಎಸ್ಸೆಸ್ಸೆಲ್ಸಿ ಫೇಲಾದವನ ಗತಿ ಎಂಬ ಭಾವನೆ ಅಲ್ಲಿಂದ ನಮ್ಮ ಜೊತೆಗೇ ವಿಮಾನ ಹತ್ತಿ ಬಂದಿದೆ. ಅದರ ಅಡಿಯಲ್ಲಿ ಜಾತಿಯೂ ಇದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಬೆಂಕಿ, ಕಬ್ಬಿಣ, ಮಸಿ ‘ನಮ್ಮವರ’ ಕೆಲಸವಲ್ಲವಂತೆ. ಬಸವ ಜಯಂತಿಯಂದು ಇಲ್ಲಿನ ಕನ್ನಡಿಗರ ಸಂಘದ ವೇದಿಕೆಯಲ್ಲಿ ಕಾಯಕವೇ ಕೈಲಾಸ ಎಂದು ಭಾಷಣ ಮಾಡಿದವರೇ ಮಗಳ ವಿಷಯ ತಿಳಿದಾಗ ನನ್ನ ಹೆಂಡತಿಯನ್ನು ಬದಿಗೆ ಕರೆದು ‘ಏನು ತೊಂದರೆಯಾಯಿತು?’ ಎಂದು ವಿಚಾರಿಸಿದರು. ಮದುವೆ ಹೇಗೆ ಎಂದು ಇಲ್ಲಿ ಒಬ್ಬರು ಕೇಳಿದ್ದಾರೆ. ಅದನ್ನು ಮಗಳು ನೋಡಿಕೊಳ್ಳುತ್ತಾಳೆ ಸ್ವಾಮಿ, ನೀವು ಚಿಂತಿಸಬೇಡಿ. ಅವಳ ತರಗತಿಯಲ್ಲಿ ಸೈನ್ಯದಿಂದ ಬಂದವರು, ಕೆಲಸ ಹೋದ ನಲವತ್ತು ದಾಟಿದವರು, ಲೋಹದ ಶಿಲ್ಪ ಮಾಡುವವರು ಎಲ್ಲರೂ ಇದ್ದರು. ‘ಗತಿಯಿಲ್ಲದೆ’ ಬಂದವರು ಎಂದು ಯಾರನ್ನೂ ಯಾರೂ ನೋಡುತ್ತಿರಲಿಲ್ಲ.

ಸಹೋದರಿ, ಸೇರಿಸುವುದೇ ಆದರೆ ಎರಡು ಸಣ್ಣ ಮಾತು. ಬೂತುಗಳು ಎಣಿಕೆಯಷ್ಟೇ ಇರುವುದರಿಂದ ಸಂಜೆಯ ತರಗತಿಗಳು ಬೇಗ ಭರ್ತಿಯಾಗುತ್ತವೆ, ನೋಂದಣಿ ತೆರೆದ ದಿನವೇ ಹೆಸರು ಹಾಕಿಸಿ. ಹೆಲ್ಮೆಟ್ಟು, ಕೈಗವಸು ಕಾಲೇಜಿನ ಪಟ್ಟಿ ಬಂದ ಮೇಲೆ ಕೊಳ್ಳಿ. ಪಾಲಿಯೆಸ್ಟರ್ ಅಂಗಿ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ, ದಪ್ಪ ಹತ್ತಿ ಬಟ್ಟೆಯೇ ಬೇಕು. ಕೈಯ ಉಂಗುರ, ಕೊರಳಿನ ಸರ ಮನೆಯಲ್ಲೇ ಇರಲಿ.